ಅಕ್ಕ ತಂದ ಮರದ ಮೂರ್ತಿ

ಕಳುದ ಚೌತಿಗಪ್ಪಗ ಕ್ಯಾಲಿಫೋರ್ನಿಯಾಂದ ಎನ್ನ ದೊಡ್ಡಪ್ಪನ ಮಗಳು ಅಕ್ಕ ಬಂದಿತ್ತು. ಪೆಟ್ಟಿಗೆ ಬಿಡುಸಿ ಮಕ್ಕೊಗೆ ಚಾಕ್ಲೇಟು, ಅತ್ತೆಗೆ ಒಂದು ಶಾಲು, ಎನಗೆ ಹಳೆ ಟವೆಲಿಲಿ ಸುತ್ತಿದ ಎಂತದೋ ಒಂದು ಕೊಟ್ಟತ್ತು. ಬಿಡುಸಿ ನೋಡಿರೆ ಒಂದೂವರೆ ಅಡಿ ಎತ್ತರದ ಮರದ ಮೂರ್ತಿ. ಮೈಯ ಅರ್ಧದಷ್ಟು ತಲೆಯೇ ಇದ್ದು. ಉರುಟು ಕಣ್ಣು, ಅಗಲಕ್ಕೆ ಬಿಟ್ಟ ಬಾಯಿ, ಅದರೊಳ ಹಲ್ಲಿನ ಸಾಲು, ರಜ್ಜ ಮಡುಸಿದ ಮೊಳಪ್ಪು, ಎರಡು ಕೈಯೂ ಹೊಟ್ಟೆ ಮೇಲೆ.

"ಇದಕ್ಕೆ ಟಿಕಿ ಹೇಳ್ತವು. ಭಾವಂಗೆ ಇದರ ಮರುಳು. ಹಳೆ ಸಾಮಾನು ಮಾರ್ತಲ್ಲೆಲ್ಲ ಹೋಗಿ ಹುಡ್ಕಿ ತತ್ತವು. ಮನೆಲಿ ಹನ್ನೊಂದು ಇತ್ತು, ಒಂದಾದರೂ ಕಮ್ಮಿ ಆಗಲಿ ಹೇಳಿ ತಂದೆ" ಹೇಳಿ ಅಕ್ಕ ನೆಗೆ ಮಾಡಿತ್ತು.

ಅತ್ತೆ ಕನ್ನಡಕ ಹಾಕಿ ಅತ್ತೆ-ಇತ್ತೆ ತಿರುಗಿಸಿ ನೋಡಿದವು. "ಅಂಬಗ ಇದು ಯೇವ ದೇವರು?"

"ದೇವರಲ್ಲ ಅತ್ತೆ, ಶೋಕಿಗೆ ಮಡುಗುದು."

"ದೇವರಲ್ಲದ್ರೆ ಹೀಂಗೆಂತಕೆ ಕಣ್ಣು ಬಿಡ್ತು? ಆರದ್ದೋ ದೇವರಾದರೆ ಟಿವಿ ಹತ್ತರೆ ಮಡುಗುಲಾಗ. ಗೊಂಬೆ ಆದರೆ ಶೋಕೇಸಿಲಿ ಮಡುಗು. ಯೇವದು ಹೇಳಿ ಗೊಂತಪ್ಪನ್ನಾರ ಅಟ್ಟಲ್ಲಿರಲಿ."

ಹಾಂಗೆ ಅದು ಅಟ್ಟಕ್ಕೆ ಹೋತು. ಎನ್ನ ತಲೆಂದ ಮಾಂತ್ರ ಇಳುದ್ದಿಲ್ಲೆ. ಮಧ್ಯಾಹ್ನ ಊಟ ಆಗಿ ಪಾತ್ರ ತೊಳದಿಕ್ಕಿ ಸಿಕ್ಕಿದ ಹೊತ್ತಿಲಿ ಓದಿಗೊಂಡು ಹೋದೆ. ಓದಿದಾಂಗೆ ಅತ್ತೆಯ ಪ್ರಶ್ನೆ ಗ್ರೇಶಿದಷ್ಟು ಸಣ್ಣದಲ್ಲ ಹೇಳಿ ಗೊಂತಾತು. ಅದರನ್ನೇ ನಿಂಗೊಗೆ ಹೇಳುವ ಹೇಳಿ ಕೂಯಿದೆ.

ಪೆಸಿಫಿಕ್ ಮಹಾಸಾಗರದ ನಕಾಶೆಲಿ ಬಡಗಕ್ಕೆ ಹವಾಯಿ, ತೆಂಕ ಪಡುವಕ್ಕೆ ನ್ಯೂಝಿಲೆಂಡು, ಮೂಡಕ್ಕೆ ದೂರಲ್ಲಿ ಈಸ್ಟರ್ ದ್ವೀಪ, ಈ ಮೂರರ ಸೇರ್ಸಿ ಗೆರೆ ಎಳದರೆ ಒಂದು ದೊಡ್ಡ ತ್ರಿಕೋನ ಆವುತ್ತು. ಅದರೊಳ ಇಪ್ಪ ದ್ವೀಪಂಗಳೇ ಪಾಲಿನೇಷ್ಯ. ಟಿಕಿ ಹೇಳಿರೆ ನ್ಯೂಝಿಲೆಂಡಿನ ಮಾವೊರಿಯವರ ಕತೆಲಿ ಮದಲಾಣ ಮನುಷ್ಯ. ಹವಾಯಿಲಿ ಈ ಮೂರ್ತಿಗೊಕ್ಕೆ ಕಿಇ ಹೇಳುದು. ಅಮೇರಿಕಾದವು ಎಲ್ಲದಕ್ಕೂ ಒಟ್ಟಿಂಗೆ ಟಿಕಿ ಹೇಳಿಬಿಟ್ಟವು. ನಮ್ಮ ದೋಸೆ, ಚಪಾತಿ, ರೊಟ್ಟಿ ಎಲ್ಲವನ್ನೂ ಹೆರಾಣವು ಬ್ರೆಡ್ಡು ಹೇಳಿದ ಹಾಂಗೆ.

ಹವಾಯಿಯ ದೊಡ್ಡ ದೇವಸ್ಥಾನಂಗಳಲ್ಲಿ ನಿಲ್ಲುಸಿಗೊಂಡಿದ್ದ ಯುದ್ಧದ ದೇವರ ಹೆಸರು ಕೂ. ಅದರ ಕೆತ್ತಿದ್ದು ಯೇವ ಮರಲ್ಲಿ ಗೊಂತಿದ್ದಾ? ಜೀಗುಜ್ಜೆ ಮರಲ್ಲಿ! ನಾವು ಮಳೆಗಾಲಲ್ಲಿ ಪೋಡಿ ಮಾಡ್ತ ಅದೇ ಜೀಗುಜ್ಜೆ. ಅದರ ಮೂಲ ಊರು ಆ ಹೊಡೆಯೇ. ಅಲ್ಯಾಣ ಜೆನ ಒಂದು ದ್ವೀಪಂದ ಇನ್ನೊಂದಕ್ಕೆ ದೋಣಿಲಿ ಹೋಪಗ ಅದರ ಸಸಿಯ ಕಟ್ಟಿಗೊಂಡು ಹೋಯಿಕ್ಕೊಂಡಿತ್ತಿದ್ದವು. ಜೀಗುಜ್ಜೆದೇ ಹಲಸುದೇ ಒಂದೇ ಜಾತಿಯ ದಾಯಾದಿಗೊ. ನಮ್ಮ ಊರಿಲಿ ಹಳೆ ಭೂತದ ಮೂರ್ತಿಗಳ ಹಲಸಿನ ಮರಲ್ಲಿ ಕೆತ್ತುದಲ್ದಾ? ಅಷ್ಟು ದೂರದ ಎರಡು ಊರಿನ ಆಚಾರಿಗೊ ಒಂದೇ ಕುಟುಂಬದ ಮರಕ್ಕೆ ಉಳಿ ಮಡಗಿದ್ದವು ಹೇಳಿ ಓದಿಯಪ್ಪಗ ಎನಗೆ ಕೊಶಿ ಆತು. ಅಲ್ಯಾಣವಕ್ಕೆ ಕಬ್ಬಿಣ ಸಿಕ್ಕುವ ಮದಲು ಕಲ್ಲಿನ ಬಾಚಿ ಮಾಂತ್ರ ಇದ್ದದು.

ಆದರೆ ಕೆತ್ತಿದ ಕೂಡ್ಲೆ ಅದು ದೇವರಾಯಿಕ್ಕೊಂಡಿತ್ತಿಲ್ಲೆ. ಪೂಜೆ, ಪ್ರಾರ್ಥನೆ ಆಗಿ, ಮರದ ಚೋಲಿಂದ ಮಾಡಿದ ವಸ್ತ್ರ ಸುತ್ತಿದ ಮತ್ತೆ ದೇವರು ಬಪ್ಪದು. ಕೆಲಸ ಮುಗುದಪ್ಪಗ ದೇವರು ಹೋಕು, ಮರ ಅಲ್ಲಿಯೇ ಮಳೆ-ಬೆಶಿಲಿಂಗೆ ಲಡ್ಡಾಯಿಕ್ಕೊಂಡು ಒಳಿಗು. 1779ರಲ್ಲಿ ಇಂಗ್ಲೆಂಡಿನ ಕ್ಯಾಪ್ಟನ್ ಕುಕ್ಕನ ಹಡಗು ಹವಾಯಿಯ ಕೆಅಲಕೆಕುವಾ ಹೇಳ್ತ ಜಾಗೆಲಿ ನಿಂದಿತ್ತು. ಅವಕ್ಕೆ ಸೌದಿ ಬೇಕಾಗಿತ್ತು. ದೇವಸ್ಥಾನದ ಸುತ್ತಾಣ ಮರದ ಬೇಲಿಯ ಕೊಡ್ತಿರಾ ಹೇಳಿ ಕೇಳಿದವು. ಬೇಲಿಯೊಟ್ಟಿಂಗೆ ಖಲಾಸಿಗೊ ಮೂರ್ತಿಗಳನ್ನೂ ಹೊತ್ತುಗೊಂಡು ಹೋದವು! ಕುಕ್ಕನ ಒಟ್ಟಿಂಗೆ ಇದ್ದ ಅಧಿಕಾರಿ ಹೆದರಿ ಪೂಜೆಯವರ ಹತ್ತರೆ ಕೇಳಿಯಪ್ಪಗ, ಅವು ಕೋಪ ಮಾಡಿದ್ದವಿಲ್ಲೆ. ಒಂದು ಸಣ್ಣ ಮೂರ್ತಿಯ ಮಾಂತ್ರ ವಾಪಾಸು ಕೊಡಿ ಹೇಳಿದವಡ. ಒಳುದ್ದು ಅವಕ್ಕೆ ಬರೀ ಮರ. ನೋಡಿ, ಯೇವದರಲ್ಲಿ ದೇವರಿದ್ದು, ಯೇವದರಲ್ಲಿ ಇಲ್ಲೆ ಹೇಳುದು ಹೆರಾಣವಕ್ಕೆ ಗೊಂತಾವುತ್ತಿಲ್ಲೆ, ಮನೆಯವಕ್ಕೆ ಗೊಂತಿರ್ತು.

ಈಗ ಹೇಳ್ತ ಸಂಗತಿಯ ನಿಂಗೊ ರಜ್ಜ ಗಮನ ಕೊಟ್ಟು ಓದೆಕ್ಕು. ಇದು ನಮ್ಮ ಹೆಮ್ಮಕ್ಕಳ ಶುದ್ದಿ.

ಹವಾಯಿಲಿ ಕಪು ಹೇಳ್ತ ಕಟ್ಟುಪಾಡು ಇತ್ತು. ಅಕ್ಕಪಕ್ಕದ ದ್ವೀಪಂಗಳಲ್ಲಿ ಇದಕ್ಕೇ ತಪು ಹೇಳುದು, ಇಂಗ್ಲಿಷಿನ ಟ್ಯಾಬೂ ಹೇಳ್ತ ಶಬ್ದ ಅಲ್ಲಿಂದಲೇ ಬಂದದು. ಕಪು ಪ್ರಕಾರ ಗೆಂಡುಮಕ್ಕಳೂ ಹೆಮ್ಮಕ್ಕಳೂ ಒಟ್ಟಿಂಗೆ ಉಂಬಲಾಗ. ಹೆಮ್ಮಕ್ಕೊ ಬಾಳೆಹಣ್ಣು ತಿಂಬಲಾಗ, ತೆಂಗಿನಕಾಯಿ ತಿಂಬಲಾಗ, ಹಂದಿ ತಿಂಬಲಾಗ, ಕೆಲವು ಜಾತಿಯ ಮೀನುದೇ ಆಗ. ಇನ್ನೊಂದು ಆಶ್ಚರ್ಯ ಹೇಳಿರೆ ಅಡಿಗೆ ಮಾಡುದು ಗೆಂಡುಮಕ್ಕೊ! ನೆಲಕ್ಕಲ್ಲಿ ಗುಂಡಿ ತೆಗದು, ಕಲ್ಲು ಕಾಸಿ, ಹೆಮ್ಮಕ್ಕೊಗೆ ಒಂದು ಗುಂಡಿಲಿ, ಅವಕ್ಕೆ ಒಂದು ಗುಂಡಿಲಿ ಬೇಶುಗಡ. (ಇಷ್ಟು ಓದಿಯಪ್ಪಗ ಎನಗೆ ಕಪು ರಜ್ಜ ಒಳ್ಳೆದೇ ಕಂಡತ್ತು, ಆದರೆ ಮುಂದೆ ಓದಿ.) ಕಪು ಮುರುದರೆ ಶಿಕ್ಷೆ ಮರಣ. ಕಪಿಯೊಲಾನಿ ಹೇಳ್ತ ದೊಡ್ಡ ಮನೆತನದ ಕೂಸು ಬಾಳೆಹಣ್ಣು ತಿಂದದಕ್ಕೆ, ಅದರ ಬದಲಿಂಗೆ ಅದರ ಚಾಕ್ರಿಯ ಸಣ್ಣ ಮಾಣಿಯ ಕೊಂದ ಕತೆಯ ಮಿಶನರಿಗೊ ಬರದು ಮಡಗಿದ್ದವು. ಒಂದು ಬಾಳೆಹಣ್ಣಿಂಗೆ.

1819ರ ಮೇ ತಿಂಗಳಿಲಿ ಹವಾಯಿಯ ದೊಡ್ಡ ರಾಜ ಕಮೆಹಮೆಹ ತೀರಿ ಹೋದ°. ಮಗ° ಲಿಹೊಲಿಹೊ ಪಟ್ಟಕ್ಕೆ ಬಂದ°. ಆದರೆ ಅಧಿಕಾರದ ಅರ್ಧ ತೀರಿಹೋದ ರಾಜನ ಪ್ರೀತಿಯ ಹೆಂಡತಿ ಕಾಹುಮಾನುವಿನ ಕೈಲಿ ಇತ್ತು. ಲಿಹೊಲಿಹೊನ ಸ್ವಂತ ಅಬ್ಬೆ ಕಿಯೊಪುವೊಲಾನಿ, ಕುಲಲ್ಲಿ ಎಲ್ಲೋರಿಂದ ಮೇಲೆ. ಈ ಎರಡು ಹೆಮ್ಮಕ್ಕೊ ಕಪು ಸಾಕು ಹೇಳಿ ನಿಶ್ಚಯ ಮಾಡಿದವು. ಕಾಹುಮಾನು ಬಾಯಿಬಿಟ್ಟೇ ಹೇಳಿತ್ತು. ಅಬ್ಬೆ ಹೆಚ್ಚು ಮಾತಾಡಿದ್ದಿಲ್ಲೆ, ಸಣ್ಣ ಮಗನ ಹತ್ತರೆ ಕೂರ್ಸಿಗೊಂಡು ಅವನೊಟ್ಟಿಂಗೆ ಉಂಡತ್ತು. ಅಷ್ಟೇ. ಲಿಹೊಲಿಹೊಂಗೆ ಹೆದರಿಕೆ. ಎರಡು ದಿನ ದೋಣಿಲಿ ಕಡಲಿಲಿ ಕುಡ್ಕೊಂಡು ತಿರುಗಿದ°. ಅಕೇರಿಗೆ ಕೈಲುವಾ ಹೇಳ್ತ ಊರಿಲಿ ಊಟ ಹೇಳಿಕೆ ಆತು. ಗೆಂಡುಮಕ್ಕೊಗೆ ಒಂದು ಮೇಜು, ಹೆಮ್ಮಕ್ಕೊಗೆ ಒಂದು ಮೇಜು. ರಾಜ° ಎರಡು ಮೇಜಿಂಗೂ ಸುತ್ತು ಬಂದ°, ಎಲ್ಲೋರೂ ನೋಡಿಗೊಂಡಿಪ್ಪಗಳೇ ಹೆಮ್ಮಕ್ಕಳ ಹಂತಿಲಿ ಕೂದು ಗಬಗಬನೆ ಉಂಬಲೆ ಸುರು ಮಾಡಿದ°. ಕಪು ಮುಗಾತು ಹೇಳಿ ಜೆನ ಬೊಬ್ಬೆ ಹೊಡದವು. ಊಟ ಆದ ಕೂಡ್ಲೆ ದೇವಸ್ಥಾನಂಗಳ ಒಡವಲೆ, ಮೂರ್ತಿಗಳ ಹೊತ್ತುಸುಲೆ ಆಜ್ಞೆ ಹೋತು. ದೊಡ್ಡ ಅರ್ಚಕ° ಹೆವಹೆವನೇ ಅದಕ್ಕೆ ಮುಂದೆ ನಿಂದ°.

ಮಿಶನರಿಗೊ ಬಂದು ಮೂರ್ತಿಗಳ ಹಾಳು ಮಾಡಿದವು ಹೇಳಿ ಆನು ಗ್ರೇಶಿಗೊಂಡಿತ್ತಿದ್ದೆ. ಹವಾಯಿಲಿ ಹಾಂಗಲ್ಲ. ಬಾಸ್ಟನಿಂದ ಮಿಶನರಿಗಳ ಹಡಗು ಬಂದದು 1820ರಲ್ಲಿ. ಅಷ್ಟಪ್ಪಗ ಕಿಚ್ಚು ನಂದಿಯಾಗಿತ್ತು.

ಎಲ್ಲೋರೂ ಒಪ್ಪಿದವು ಹೇಳಿ ಅಲ್ಲ. ರಾಜನ ದಾಯಾದಿ ಕೆಕುವಾವೊಕಲಾನಿ, ಯುದ್ಧದ ದೇವರ ನೋಡಿಗೊಂಬ ಭಾರ ಇದ್ದವ°, ತಿರುಗಿ ನಿಂದ°. 1819ರ ಡಿಸೆಂಬರಿಲಿ ಕುವಾಮೊ ಹೇಳ್ತಲ್ಲಿ ಯುದ್ಧ ಆಗಿ ಸತ್ತ°. ಅವನ ಕರೆಲಿ ನಿಂದು ಯುದ್ಧ ಮಾಡಿದ ಹೆಂಡತಿ ಮನೊನೊದೇ ಅಲ್ಲಿಯೇ ಸತ್ತತ್ತು. ಒಂದು ಹೊಡೆಲಿ ಕಪು ಮುರಿವಲೆ ಹೆಮ್ಮಕ್ಕೊ, ಇನ್ನೊಂದು ಹೊಡೆಲಿ ಅದರ ಒಳಿಶುಲೆ ಜೀವ ಕೊಟ್ಟ ಹೆಮ್ಮಕ್ಕೊ. ಅತ್ತೆಗೆ ಇದರ ಓದಿ ಹೇಳಿಯಪ್ಪಗ ಅವು ಮನೊನೊವಿನ ಹೆಸರಿನ ಎರಡು ಸರ್ತಿ ಕೇಳಿ ತಿಳ್ಕೊಂಡವು. ಎನಗೆ ಕಾಹುಮಾನುವೇ ಸರಿ ಹೇಳಿ ಕಾಣ್ತು. ಅದರ ಬಗ್ಗೆ ಎಂಗೊಗೆ ಇನ್ನೂ ಚರ್ಚೆ ಮುಗುದ್ದಿಲ್ಲೆ.

ಹೊತ್ತುಸಿದ್ದರಲ್ಲಿ ಒಳುದ್ದೆಷ್ಟು? ಕೆಲವರ ಜೆನ ಗುಹೆಲಿ ಹುಗ್ಗುಸಿ ಮಡಗಿದವು. ಹೊನೌನೌ ಹೇಳ್ತಲ್ಲಿ ರಾಜರ ಎಲುಬು ಮಡಗಿದ ಒಂದು ಗುಡಿಯ ಮಾಂತ್ರ ಮುಟ್ಟಿದ್ದವಿಲ್ಲೆ. ಲಿಹೊಲಿಹೊ ಹೆಂಡತಿಯೊಟ್ಟಿಂಗೆ ಲಂಡನಿಂಗೆ ಹೋಗಿ, 1824ರಲ್ಲಿ ಇಬ್ರೂ ದಡಾರಂದ ತೀರಿ ಹೋದವು. ಅವರ ಶವವ ತಂದ ಬ್ಲಾಂಡ್ ಹೇಳ್ತ ಇಂಗ್ಲಿಷ್ ಹಡಗು 1825ರಲ್ಲಿ ವಾಪಾಸು ಹೋಪಗ ಆ ಗುಡಿಯ ಮೂರ್ತಿಗಳ ಕೊಂಡೋತು. ರಾಜನ ಶವ ಬಂತು, ಅವನ ಹಿರಿಯರ ದೇವರುಗೊ ಹೋದವು.

ಆಳಿಂದ ಎತ್ತರದ ದೇವಸ್ಥಾನದ ಕೂ ಮೂರ್ತಿಗೊ ಇಡೀ ಲೋಕಲ್ಲಿ ಮೂರೇ ಒಳುದ್ದು. ಒಂದು ಲಂಡನಿನ ಬ್ರಿಟಿಷ್ ಮ್ಯೂಸಿಯಮ್ಮಿಲಿ, ಸುಮಾರು ಎಂಟೂವರೆ ಅಡಿ ಎತ್ತರದ್ದು. ಒಂದು ಅಮೇರಿಕಾದ ಸೇಲಮ್ ಪೇಟೆಯ ಪೀಬಡಿ ಎಸೆಕ್ಸ್ ಮ್ಯೂಸಿಯಮ್ಮಿಲಿ. ಹವಾಯಿಲಿ, ಹೊನೊಲುಲುವಿನ ಬಿಷಪ್ ಮ್ಯೂಸಿಯಮ್ಮಿಲಿ ಇಪ್ಪದು ಒಂದೇ ಒಂದು. 2010ರಲ್ಲಿ ಎರಡರನ್ನೂ ಹೊನೊಲುಲುವಿಂಗೆ ಕಡ ತಂದು ಮೂರನ್ನೂ ಒಟ್ಟಿಂಗೆ ನಿಲ್ಲುಸಿದವು. ಕೆಲವು ತಿಂಗಳು ಕಳುದು ಎರಡೂ ವಾಪಾಸು ಹೋದವು. ಮದುವೆ ಮಾಡಿ ಕೊಟ್ಟ ಕೂಸುಗೊ ಅಪ್ಪನ ಮನೆಗೆ ಬಂದಿಕ್ಕಿ ಹೋದ ಹಾಂಗೆ.

ಇನ್ನು ತೆಂಕಾಣ ದ್ವೀಪಂಗಳಲ್ಲಿ ಮಿಶನರಿಗಳದ್ದೇ ಕಾರ್ಬಾರು. ರುರುಟು ಹೇಳ್ತ ಸಣ್ಣ ದ್ವೀಪದವು 1821ರಲ್ಲಿ ಕ್ರೈಸ್ತರಾಗಿ, ಹಳೆ ದೇವರುಗಳ ತಂದು ಲಂಡನ್ ಮಿಶನರಿ ಸೊಸೈಟಿಯವಕ್ಕೆ ಒಪ್ಪುಸಿದವು. ಅದರಲ್ಲಿ ಒಂದು ಆಅ ಹೇಳ್ತ ದೇವರು. ಮೂರು ಮುಕ್ಕಾಲು ಅಡಿಗೆ ರಜ್ಜ ಹೆಚ್ಚು ಎತ್ತರ. ಮೋರೆಲಿ ಕಣ್ಣು, ಮೂಗು, ಬಾಯಿಯ ಜಾಗೆಲಿ, ಮೈ ಇಡೀ, 30 ಸಣ್ಣ ಸಣ್ಣ ಮನುಷ್ಯರು ಹತ್ತಿಗೊಂಡ ಹಾಂಗೆ ಕೆತ್ತಿದ್ದು. ಬೆನ್ನಿಲಿ ಒಂದು ಮುಚ್ಚಲು, ತೆಗದರೆ ಒಳ ಪೊಳ್ಳು. ಕೊಟ್ಟಪ್ಪಗ ಒಳ 24 ಸಣ್ಣ ಮೂರ್ತಿಗೊ ಇತ್ತಡ, ಅವರ ಮತ್ತೆ ಹಾಳು ಮಾಡಿದವು. ಹಿರಿಯ° ಒಬ್ಬನ ಎಲುಬು ಮಡುಗುಲೆ ಮಾಡಿದ್ದಾಯಿಕ್ಕು ಹೇಳಿ ಓದಿದವರ ಅಭಿಪ್ರಾಯ. ಮರ ಯೇವದು ಹೇಳಿ ಬ್ರಿಟಿಷ್ ಮ್ಯೂಸಿಯಮ್ಮಿನವು ಪರೀಕ್ಷೆ ಮಾಡಿಯಪ್ಪಗ ಗೊಂತಾತು, ಗಂಧದ ಮರ! ಆ ದ್ವೀಪಂಗಳಲ್ಲಿಯುದೇ ಗಂಧದ ಜಾತಿ ಬೆಳೆತ್ತು. ಮರದ ಪ್ರಾಯ ನೋಡಿರೆ 1505 ರಿಂದ 1645ರ ಮಧ್ಯದ್ದು.

ಮಿಶನರಿಗೊ ಇಂತವರ ಹೊತ್ತುಸದ್ದೆ ಲಂಡನಿಂಗೆ ಕೊಂಡೋದ್ದೆಂತಕೆ? ಗೌರವಕ್ಕೆ ಅಲ್ಲ. "ನೋಡಿ, ಗೆದ್ದು ತಂದೆಯೊ°" ಹೇಳಿ ತೋರ್ಸಿ, ಜೆನರ ಕೈಂದ ಚಂದಾ ಎತ್ತುಲೆ. ಆದರೆ ಹಾಂಗೆ ಕೊಂಡೋದ ಕಾರಣವೇ ಅದು ಇಂದು ಇದ್ದು. ಪಿಕಾಸೊ ಹೇಳ್ತ ದೊಡ್ಡ ಚಿತ್ರಗಾರ° ಆಅನ ಕಂಡು ಮರುಳಾಗಿ ಅದರ ಕಂಚಿನ ಎರಕವ ಮನೆಲಿ ಮಡಿಕ್ಕೊಂಡಿತ್ತಿದ್ದ°. ಹೊತ್ತುಸಿದವು ಭಕ್ತರು, ಒಳಿಶಿದವು ವೈರಿಗೊ. ಎನಗೆ ಇದರ ಜೀರ್ಣ ಮಾಡಿಗೊಂಬಲೆ ಒಂದು ವಾರ ಬೇಕಾತು.

ದೂರದವರ ಹೇಳಿ ಎಂತ ಆಯೆಕ್ಕು. ಉಡುಪಿ ಹೊಡೆಲಿ ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಸ್ಥಾನ ನಿಂಗೊ ನೋಡಿಪ್ಪಿ. ಕೆಂಪು ಬಣ್ಣದ ದೊಡ್ಡ ದೊಡ್ಡ ಮರದ ಭೂತಂಗೊ. ಈಗ ಅಲ್ಲಿಪ್ಪದು ಹೊಸತ್ತು. ಹಳತ್ತರಲ್ಲಿ ಸುಮಾರು ದೆಹಲಿಯ ಕರಕುಶಲ ಮ್ಯೂಸಿಯಮ್ಮಿಲಿ ಇದ್ದು. ಲಡ್ಡಾದ ಮರವ ತೆಗದು ಹೊಸತ್ತರ ಪ್ರತಿಷ್ಠೆ ಮಾಡುದು ನಮ್ಮ ಕ್ರಮ. ಹಳತ್ತರಿಂದ ದೇವರು ಇಳುದು ಹೊಸತ್ತಕ್ಕೆ ಹೋದ ಮತ್ತೆ ಅದು ಬರೀ ಮರ, ಹವಾಯಿಯ ಪೂಜೆಯವು ಹೇಳಿದ ಹಾಂಗೆ. ಆದರೂ ಮ್ಯೂಸಿಯಮ್ಮಿಂಗೆ ಹೋದ ನಮ್ಮ ಊರಿನವು ಅದರ ಎದುರು ಒಂದರಿ ಕೈ ಮುಗಿಯದ್ದೆ ಬಕ್ಕೋ? ಎನಗೆ ಸಂಶಯ.

ಕೆತ್ತಿ ಮಾರುದುದೇ ಹೊಸ ಸಂಗತಿ ಅಲ್ಲ. ಈಸ್ಟರ್ ದ್ವೀಪದವು ಪಕ್ಕೆಲುಬು ಎದ್ದು ಕಾಂಬ ಸಪುರ ಮನುಷ್ಯನ ಮೂರ್ತಿಯ ಟೊರೊಮಿರೊ ಹೇಳ್ತ ಮರಲ್ಲಿ ಕೆತ್ತುಗು. 1774ರಲ್ಲಿ ಕುಕ್ಕ° ಅಲ್ಲಿಗೆ ಹೋಗಿಪ್ಪಗಳೇ ಅವನವು ಮರದ ಕೆತ್ತನೆಗಳ ವಸ್ತ್ರ ಕೊಟ್ಟು ತೆಕ್ಕೊಂಡವು. ಮತ್ತೆ ಬಂದ ಪ್ರತಿ ಹಡಗಿಂಗೂ ಕೆತ್ತಿ ಮಾರಿದವು. ಟೊರೊಮಿರೊ ಮರ ಮಾಂತ್ರ ಆ ದ್ವೀಪದ ಕಾಡಿಲಿ ಈಗ ಇಲ್ಲೆ.

ಇನ್ನು ಭಾವನ ಟಿಕಿಗೊ. 1930ರ ದಶಕಲ್ಲಿ ಕ್ಯಾಲಿಫೋರ್ನಿಯಾಲ್ಲಿ ಒಬ್ಬ° ಹಾಲಿವುಡ್ಡಿಲಿ ಡಾನ್ ದ ಬೀಚ್‌ಕೋಂಬರ್, ಇನ್ನೊಬ್ಬ° ಓಕ್ಲೆಂಡಿಲಿ ಟ್ರೇಡರ್ ವಿಕ್ಸ್ ಹೇಳಿ ಹೋಟ್ಲು ಮಾಡಿದವು. ಬಿದಿರು, ಬಲೆ, ರಮ್ಮಿನ ಪಾನಕ, ಮೂಲೆ ಮೂಲೆಗೆ ಟಿಕಿ. ಮಹಾಯುದ್ಧಲ್ಲಿ ಆ ದ್ವೀಪಂಗೊಕ್ಕೆ ಹೋಗಿ ಬಂದ ಸೈನಿಕರಿಂಗೆ ಅದರ ಗುಂಗು ಇತ್ತು. 1959ರಲ್ಲಿ ಹವಾಯಿ ಅಮೇರಿಕಾದ ರಾಜ್ಯ ಆಗಿ, ವಿಮಾನ ಸಲೀಸಾಗಿ, ಹೋದವೆಲ್ಲ ಒಂದೊಂದು ಟಿಕಿ ಹಿಡ್ಕೊಂಡು ಬಂದವು. 1956ರಲ್ಲಿ ವಿಟಿಯರ್ ಪೇಟೆಲಿ ಇಬ್ರು ಗೆಳೆಯರು ಸುರು ಮಾಡಿದ ಓಷಿಯಾನಿಕ್ ಆರ್ಟ್ಸ್ ಹೇಳ್ತ ಅಂಗಡಿ ಹೋಟ್ಲುಗೊಕ್ಕೆ ಕೆತ್ತಿ ಕೊಟ್ಟುಗೊಂಡೇ 2021ರ ವರೆಗೆ ನೆಡದತ್ತು. ಈಗ 50-60 ವರ್ಷ ಆದ ಅದೇ ಹೋಟ್ಲಿನ ಟಿಕಿಗಳ ಹಳತ್ತು ಹೇಳಿ ಹುಡ್ಕಿ ತೆಕ್ಕೊಂಬದು. ಅದರಲ್ಲಿ ತಪ್ಪೆಂತ ಇಲ್ಲೆ. ಕೆತ್ತಿದವರ ಕೈ ಒಳ್ಳೆದಿದ್ದು. ಹೋಟ್ಲಿಂದರ ದೇವಸ್ಥಾನದ್ದು ಹೇಳಿ ಮಾರುದು ತಪ್ಪು.

ಭಾವಂಗೆ ಹಾಂಗೇ ಆದ್ದದು. ಎರಡು ವರ್ಷ ಮದಲು ಒಬ್ಬ° ವ್ಯಾಪಾರಿ ಒಂದು ಮೂರ್ತಿಯ ಪಟ ಕಳುಸಿ, ಇದು ಹವಾಯಿದು, 200 ವರ್ಷ ಹಳತ್ತು, ಒಂದು ಮಿಶನರಿ ಕುಟುಂಬದ ಮನೆಂದ ಬಂದದು, 4,000 ಡಾಲರು ಹೇಳಿದ°. ಭಾವ ಪೈಸೆ ಕಳುಸುಲೆ ಕೂದವು. ಅಕ್ಕ ಪಟಲ್ಲಿ ಮೂರ್ತಿಯ ಅಡಿಭಾಗ ನೋಡಿತ್ತು. ತಿರುಳು ಕಪ್ಪು ಕಂದು, ಕರೆ ಅರಶಿನ ಬಣ್ಣ, ಮಧ್ಯಲ್ಲಿ ಗೆರೆ ಎಳದ ಹಾಂಗೆ. ಎಂಗಳ ಶಾಲೆಯ ಜಾಲಿಲಿ ಗಾಳಿಗೆ ಬಿದ್ದ ಮಳೆಮರವ ಕೊಯ್ದಪ್ಪಗ ಹೀಂಗೇ ಇತ್ತಲ್ದಾ ಹೇಳಿ ಅದಕ್ಕೆ ನೆಂಪಾತು. ಹೊತ್ತೋಪಗ ಎಲೆ ಮಡುಸ್ತ ಆ ಮರವ ಹವಾಯಿಲಿ ಮಂಕಿಪಾಡ್ ಹೇಳ್ತವು. ಹುಡ್ಕಿ ನೋಡಿರೆ, ಅದು ಹವಾಯಿಯ ಮರವೇ ಅಲ್ಲ, ಅಮೇರಿಕಾ ಖಂಡದ್ದು. ಹವಾಯಿಗೆ ಅದರ ಬಿತ್ತು ಬಂದದು 1847ರಲ್ಲಿ. ಮರವೇ ಇಲ್ಲದ್ದ ಕಾಲಲ್ಲಿ ಮೂರ್ತಿ ಹೇಂಗೆ ಕೆತ್ತುದು? ಭಾವ ಎರಡು ದಿನ ಅಕ್ಕನ ಹತ್ತರೆ ಸರಿ ಮಾತಾಡಿದ್ದವಿಲ್ಲೆ. ಪೈಸೆ ಮಾಂತ್ರ ಕಳುಸಿದ್ದವಿಲ್ಲೆ.

ಭಾವ ಒಬ್ಬನೇ ಅಲ್ಲ. 2017ರ ನವೆಂಬರಿಲಿ ಪ್ಯಾರಿಸಿಲಿ ಕ್ರಿಸ್ಟೀಸಿನ ಏಲಲ್ಲಿ ಒಂದು ಸಣ್ಣ ಕೂ ಮೂರ್ತಿ 63 ಲಕ್ಷ ಯೂರೋಗೆ ಹೋತು. ಅಮೇರಿಕಾದ ದೊಡ್ಡ ಉದ್ಯಮಿ ಮಾರ್ಕ್ ಬೆನಿಯಾಫ್, ಹೆಂಡತಿಯೊಟ್ಟಿಂಗೆ ತೆಕ್ಕೊಂಡು, ಹವಾಯಿಯದ್ದು ಹವಾಯಿಗೇ ಹೋಗಲಿ ಹೇಳಿ ಬಿಷಪ್ ಮ್ಯೂಸಿಯಮ್ಮಿಂಗೆ ದಾನ ಕೊಟ್ಟವು. ಮನಸ್ಸು ದೊಡ್ಡದೇ. ಆದರೆ ಮತ್ತೆ, ಇದು ಅಷ್ಟು ಹಳತ್ತೇ ಅಲ್ಲ, ಪ್ರವಾಸಿಗೊಕ್ಕೆ ಕೆತ್ತಿದ್ದಾಯಿಕ್ಕು ಹೇಳಿ ಈ ವಿಷಯ ಗೊಂತಿಪ್ಪ ಕೆಲವರು ಸಂಶಯ ಎತ್ತಿದವು. ಅಂತವಕ್ಕೇ ಹಾಂಗಾದರೆ ಭಾವಂಗೆ ಎಂತ ಹೇಳುದು.

ಕಳುದ ವಾರ ಅಟ್ಟಂದ ಎಂಗಳ ಮೂರ್ತಿಯ ಇಳುಶಿದೆ. ಅಡಿಲಿ ಹಸುರು ವಸ್ತ್ರ ಅಂಟುಸಿತ್ತು. ಚೂರಿಲಿ ಮೆಲ್ಲಂಗೆ ಎಬ್ಬಿಸಿದೆ. ಅದೇ ಕಪ್ಪು ತಿರುಳು, ಅದೇ ಅರಶಿನ ಕರೆ. ಮೇಗಂದ ಫಿಲಿಪೈನ್ಸ್ ಹೇಳಿ ಸಣ್ಣ ಮೊಹರು. ಹವಾಯಿಲಿ ಮಾರುವ ಮಳೆಮರದ ಸಾಮಾನಿಲಿ ಸುಮಾರು ಅಲ್ಲಿಂದಲೇ ಬಪ್ಪದಡ. ಅತ್ತೆಗೆ ತೋರ್ಸಿದೆ. "ಅಂಬಗ ಗೊಂಬೆ. ಶೋಕೇಸಿಲಿ ಮಡುಗು" ಹೇಳಿದವು. ಮಡುಗುವ ಮದಲು ಸೆರಗಿಲಿ ಅದರ ಮೋರೆಯ ಉದ್ದಿದವು.

ಈಗ ಎನ್ನ ಒಂದು ಬೇನೆಯ ಹೇಳ್ತೆ. ಎನ್ನ ಅಜ್ಜನಮನೆಯ ಚಾವಡಿ ಬಾಗಿಲಿನ ದಾರಂದ ನಿಂಗಳಲ್ಲಿ ಕೆಲವಕ್ಕೆ ನೆಂಪಿಕ್ಕು. ಹಲಸಿನ ಮರದ್ದು, ಎರಡು ಹೊಡೆಲಿಯೂ ಬಳ್ಳಿ, ಗಿಳಿ, ಮೇಲೆ ಮಧ್ಯಲ್ಲಿ ಗೆಣವತಿ. ಮನೆ ಮುರುದು ತಾರ್ಸಿ ಹಾಕಿದ ವರ್ಷ ಹಳೆ ಸಾಮಾನು ತೆಕ್ಕೊಂಬ ಒಬ್ಬ° ಬಂದು, ಕುತ್ತಿದ ಮರ ಹೇಳಿ ಹೇಳಿ, ಸೌದಿಯ ಕ್ರಯಕ್ಕೆ ಲಾರಿಲಿ ಹೇರಿಗೊಂಡು ಹೋದ°. ಮಾರಿದ್ದು ನಾವೇ, ಆರೂ ಕದ್ದದಲ್ಲ. ಅಜ್ಜಿ ಮಾಂತ್ರ ಆ ಗೆಣವತಿಗೆ ದಿನಾ ಒಂದು ಹೂಗು ಮಡುಗಿಗೊಂಡಿತ್ತು. ಲಾರಿ ಹೋದ ಮರುದಿನ ಉದಿಯಪ್ಪಗ ಅಜ್ಜಿ ಹೂಗು ಹಿಡ್ಕೊಂಡು ಹೊಸ ಬಾಗಿಲಿನ ಹತ್ತರೆ ನಿಂದದು ಎನಗೆ ಕಣ್ಣಿಂಗೆ ಕಟ್ಟಿದ ಹಾಂಗಿದ್ದು. ಈಗ ಆ ದಾರಂದ ಯೇವ ಹೋಟ್ಲಿನ ಗೋಡೆಲಿದ್ದೋ, ಯೇವ ಊರಿನ ಭಾವ ಒಬ್ಬ ಮರುಳು ಹಿಡುದು ತೆಕ್ಕೊಂಡಿದವೋ.

ಎನ್ನ ಮದುವೆ ಆಲ್ಬಮಿಲಿ ಅದರ ಎಡದ ಕರೆ ಮಾಂತ್ರ ಕಾಣ್ತು, ಒಂದೂವರೆ ಗಿಳಿ. ಗೆಣವತಿ ಬೈಂದಿಲ್ಲೆ. ಅಜ್ಜನಮನೆಲಿ ಜೆಂಬ್ರಕ್ಕೆ ಬಂದವು, ಅಲ್ಲಿ ಪಟ ತೆಗದವು ನಿಂಗಳಲ್ಲಿ ಆರಾದರೂ ಇದ್ದರೆ, ಹಳೆ ಆಲ್ಬಮಿನ ಒಂದರಿ ಬಿಡುಸಿ ನೋಡಿ. ದಾರಂದ ಪೂರ ಕಾಂಬ ಪಟ ಸಿಕ್ಕಿರೆ ಎನಗೆ ಕಳುಸಿ ಕೊಡಿ, ಆತಾ?